ಕುರ್ಚಿಗೆ ತಕ್ಕ ಮಾರಿ

ಆರಾಮ ಕುರ್ಚಿಯ ಜಾಹೀರಾತಿಗೆ ಎಂಥ ಫೋಟೋ ಹಾಕಬೇಕೆಂಬುದು ಹಗುರವಾಗಿ ತೀರ್ಮಾನಿಸುವ ಸಂಗತಿಯಲ್ಲ. ಬೀದರದ ಚಿದ್ರಿಯಲ್ಲಿ ಒಬ್ಬ ಮನುಷ್ಯನ ಮುಂದಿನ ಬಾಳೇ ಅದರ ಮೇಲೆ ನಿಂತಿತ್ತು.

ಆ ಮನುಷ್ಯ ಶಿವರಾಜಪ್ಪ. ಬೆನ್ನು ಬೇಕಾದ ಹಾಗೆ ನಿಲ್ಲುವ ಮೆತ್ತನೆಯ ಕುರ್ಚಿಗಳನ್ನು ತಂದು ಅಂಗಡಿ ತುಂಬ ಇಟ್ಟಿದ್ದ. ಬಂದವರು ಕುಳಿತು, ಚಹಾ ಕುಡಿದು, ಎದ್ದು ಹೋಗುತ್ತಿದ್ದರು. ಅಂಗಡಿ ಹಾಕಿಸಿಕೊಟ್ಟ ಮಾವ ವೈಜಿನಾಥಪ್ಪ ಭಾಲ್ಕಿಯಿಂದ ಬಂದು ಕಟ್ಟಪ್ಪಣೆ ಮಾಡಿದ್ದರು: ಅಮಾವಾಸ್ಯೆಯೊಳಗೆ ಒಂದಾದರೂ ಕುರ್ಚಿ ಮಾರಬೇಕು, ಇಲ್ಲವಾದರೆ ಅಂಗಡಿಗೆ ಬೀಗ, ಅಳಿಯ ಕೊಳಾರದಲ್ಲಿನ ಹೆಂಡತಿಯ ತಮ್ಮನ ಗೋದಾಮಿಗೆ. ಹೆಂಡತಿಯ ತಮ್ಮನ ಕೈಕೆಳಗೆ ದುಡಿಯುವುದೆಂದರೆ ಶಿವರಾಜಪ್ಪನಿಗೆ ಹಲ್ಲು ಕೀಳಿಸಿಕೊಂಡಂತೆ, ಅದೂ ದಿನಾಲೂ. ಅಮಾವಾಸ್ಯೆಗೆ ಎರಡೇ ದಿನ ಉಳಿದಿದ್ದವು.

ಎದುರಿನ ಮೊಬೈಲ್ ಅಂಗಡಿಯ ದಾನಿಶ ಫೇಸ್‌ಬುಕ್ ಜಾಹೀರಾತು ಮಾಡಿಕೊಡುತ್ತಿದ್ದ. ಶಿವರಾಜಪ್ಪ ತೆಗೆದ ಕುರ್ಚಿಯ ಫೋಟೋ ನೋಡಿ, ಎಕ್ಸ್‌ರೇ ನೋಡುವ ಡಾಕ್ಟರನಂತೆ ತಲೆಯಾಡಿಸಿದ.

"ಖಾಲಿ ಕುರ್ಚಿ ಯಾರ್ ನೋಡ್ತಾರ್ರಿ ಅಣ್ಣಾ? ಮನಷ್ಯಾ ಬೇಕು. ಮಾರಿ ಕಂಡ್ರನೇ ಬೆರಳು ನಿಂದರ್ತದ."

ಮಾರಿಗಾಗಿ ದೂರ ಹೋಗಬೇಕಿರಲಿಲ್ಲ. ಮಾವ ಅಲ್ಲೇ ಇದ್ದರು: ಬಿಳಿ ಧೋತರ, ಹಣೆ ತುಂಬ ವಿಭೂತಿ, ಸಂಸ್ಥಾನಕ್ಕೆ ಸಲ್ಲುವಂಥ ಮೀಸೆ. ಬೇಡವೆಂದು ಒಂದು ಸಲ ಹೇಳಿ, ಎರಡನೆಯ ಸಲ ಕೇಳುವುದರೊಳಗೆ ಕುಳಿತುಬಿಟ್ಟರು. ಒರಗಿದರೆ ಮುಖ ಕಾಣುವುದಿಲ್ಲವೆಂದು ಕುರ್ಚಿಯ ಬೆನ್ನು ನೆಟ್ಟಗೆ ಮಾಡಿದ್ದಾಯಿತು. ಕಣ್ಣು ಮುಚ್ಚಿದರೆ ಆರಾಮ ಎದ್ದು ಕಾಣುತ್ತದೆಂದು ದಾನಿಶ ಮುಚ್ಚಿಸಿದ. ಹಿರಿಯರ ಕೊರಳು ಬರಿದಾಗಿದೆಯೆಂದು ಪಕ್ಕದ ಬಳೆಯಂಗಡಿಯ ಸಖುಬಾಯಿ ಚೆಂಡುಹೂವಿನ ಹಾರ ತಂದು ಹಾಕಿದಳು. ಹಿಂದಿನ ಗೋಡೆ ಕೊಳಕಾಗಿತ್ತು. ಬಿಳಿ ಚಾದರ ಕಟ್ಟಿದರು. ಕೆಳಗೆ ಬರೆಯುವ ಸಾಲನ್ನು ಶಿವರಾಜಪ್ಪ ತಾನೇ ಕೊಟ್ಟ: 'ದುಡಿದದ್ದು ಸಾಕು, ಇನ್ನು ವಿಶ್ರಾಂತಿ.'

ಮರುದಿನ ಮುಂಜಾನೆ ಜಾಹೀರಾತು ಭಾಲ್ಕಿ, ಔರಾದ ಕಡೆಯ ಮೊಬೈಲುಗಳಿಗೆ ಹೊರಟಿತು. ಮಧ್ಯಾಹ್ನದೊಳಗೆ ದಾನಿಶ ಓಡಿ ಬಂದ. ಫೋಟೋದ ಕೆಳಗೆ ನೂರಾರು ಜನ ಕೈಮುಗಿದಿದ್ದರು. ಆ ಕಡೆಯ ಗಿರಾಕಿಗಳು ಇಷ್ಟು ಮರ್ಯಾದಸ್ಥರೆಂದು ಅವನಿಗೆ ಗೊತ್ತೇ ಇರಲಿಲ್ಲ. ಶಿವರಾಜಪ್ಪ ಕುರ್ಚಿಗಳ ಧೂಳು ಒರೆಸತೊಡಗಿದ.

ಅಷ್ಟರಲ್ಲಿ ಕ್ರೂಸರ್ ಗಾಡಿಯೊಂದು ಬಂದು ನಿಂತಿತು. ಎಕಂಬಾದಿಂದ ಮಾವನ ತಂಗಿ ಗುಂಡಮ್ಮ, ಬಾಯಿಗೆ ಸೆರಗು ಹಚ್ಚಿ, ಅಣ್ಣನ ಗುಣಗಳನ್ನು ರಾಗವಾಗಿ ಹೇಳುತ್ತ ಇಳಿದಳು. ಹಿಂದೆ ಹಾರ ಹಿಡಿದ ಬಳಗ. ಒಳಗೆ ಸುಸಲಾ ತಿನ್ನುತ್ತಿದ್ದ ಅಣ್ಣ ಗದ್ದಲ ಕೇಳಿ ತಟ್ಟೆ ಸಮೇತ ಹೊರಗೆ ಬಂದರು. ರಾಗ ನಿಂತಿತು.

"ಇದ್ದೀ ಏನಣ್ಣಾ?" ಗುಂಡಮ್ಮ ಸಿಟ್ಟಿನಿಂದಲೇ ಕೇಳಿದಳು. "ಮತ್ತ ಹಾಂಗ್ಯಾಕ ಕುಂತಿದ್ದಿ?"

ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ನೆಟ್ಟಗೆ ಕುಳ್ಳಿರಿಸುತ್ತಾರೆ. ಅಂಥ ಫೋಟೋ ಮೊಬೈಲಿಗೆ ಬಂದರೆ ಕೆಳಗಿನ ಬೆಲೆ ಓದುತ್ತ ಯಾರೂ ಕೂಡುವುದಿಲ್ಲ; ಗಾಡಿ ಹೊಂದಿಸುತ್ತಾರೆ. ದಾನಿಶನವರಲ್ಲಿ ಮಲಗಿಸುವುದರಿಂದ ಅವನಿಗೆ ಅನುಮಾನ ಬರಲಿಲ್ಲ. ಇಂಥ ಎಷ್ಟೋ ಮನೆಗಳಿಗೆ ಹಾರ ಹಿಡಿದು ಹೋಗಿಬಂದಿದ್ದ ಶಿವರಾಜಪ್ಪ ಮಾತ್ರ ಕುರ್ಚಿಯನ್ನಷ್ಟೇ ನೋಡಿದ್ದ.

ಮಾವ ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು ಯಾರ್ಯಾರು ಬಂದಿದ್ದಾರೆಂದು ನೋಡಿದರು. ಜೋರಾಗಿ ಅತ್ತವರಿಗೆ ಮೊದಲು ಚಹಾ ಕೊಡಿಸಿದರು. ಭಾಲ್ಕಿಯ ಸ್ವಂತ ತಮ್ಮ ಬರದೆ, ಫೋಟೋದ ಕೆಳಗೆ ಹೆಬ್ಬೆರಳೊಂದನ್ನು ಒತ್ತಿ ಸುಮ್ಮನಾದದ್ದು ತಿಳಿದಾಗಷ್ಟೇ ಅವರ ಮೀಸೆ ಅದುರಿತು. ಬಳಗದವರು ಸಂಜೆತನಕ ಅದೇ ಕುರ್ಚಿಗಳಲ್ಲಿ ಕುಳಿತು ಗುಣಗಾನ ಮುಗಿಸಿದರು; ಅಷ್ಟು ದೂರದಿಂದ ಬಂದ ಮೇಲೆ ಅರ್ಧಕ್ಕೆ ಬಿಡುವಂತಿರಲಿಲ್ಲ. ಕುರ್ಚಿಯ ಬೆಲೆ ಮಾತ್ರ ಯಾರೂ ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಔರಾದಿನಿಂದ ಫೋನ್ ಬಂತು. ಕುರ್ಚಿಯಲ್ಲಿ ಕೂತವರ ಕೊರಳು ವಾಲುವುದಿಲ್ಲ ತಾನೇ ಎಂದು ಗಿರಾಕಿ ಕೇಳಿದ. ಇಲ್ಲವೆಂದ ಶಿವರಾಜಪ್ಪ. ಬೆನ್ನು ನೆಟ್ಟಗೆ ನಿಲ್ಲುತ್ತದೆಯೇ? ಎಷ್ಟು ಹೊತ್ತಾದರೂ. ಮಾವನ ಕಿವಿಗೂ ಬೀಳಲಿ ಎಂದು ಶಿವರಾಜಪ್ಪ ಸ್ಪೀಕರ್ ಹಾಕಿದ.

"ಯಾರಿಗ್ರಿ ಕುರ್ಚಿ?"

"ನಮ್ಮ ಕಾಕಾಗ್ರಿ. ಮಧ್ಯಾಹ್ನ ತೀರ್ಕೊಂಡ್ರು. ಫೋಟೋದಾಗ ಆ ಹಿರ್ಯಾರು ಭಾಳ ಛಂದ ಕುಂತಾರ, ಮನ್ಯಾಗ ಎಲ್ಲಾರೂ ಇದೇ ಬೇಕಂತಾರ." ಆ ಕಡೆಯವ ದನಿ ತಗ್ಗಿಸಿದ. "ಒಂದ್ ದಿನಕ್ಕ ಬಾಡಗಿಗಿ ಕೊಡ್ತೀರೇನ್ರಿ?"

ಕುರ್ಚಿ ಹೋಯಿತು. ಅಮಾವಾಸ್ಯೆಯ ಸಂಜೆ ಸ್ವಚ್ಛವಾಗಿ ಒರೆಸಿಕೊಂಡು ವಾಪಸ್ ಬಂತು. ಬಾಡಿಗೆಯನ್ನು ಮಾರಾಟವೆಂದು ಮಾವ ಒಪ್ಪಲಿಲ್ಲ.

ಶಿವರಾಜಪ್ಪ ಈಗ ಕೊಳಾರದ ಗೋದಾಮಿನಲ್ಲಿದ್ದಾನೆ. ಅಲ್ಲಿ ಕೂಡಲಿಕ್ಕೆ ಒಂದು ಸ್ಟೂಲು ಇದೆ.