ಹೊಸಬರನ್ನು ಕಾಲೇಜಿಗೆ ಹೊಂದಿಸಿದ್ದು

ಸರಿಯಾಗಿ ಯೋಜಿಸಿದ ಒಂದು ಕಾರ್ಯಕ್ರಮ ಎಂಥ ಮನುಷ್ಯನನ್ನೂ ಸುಧಾರಿಸಬಲ್ಲದು ಎಂದು ಹೋದ ಶ್ರಾವಣದವರೆಗೆ ನಾನು ನಂಬಿದ್ದೆ. ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಆದ್ದರಿಂದ ಯೋಜನೆಗಳ ಮೇಲೆ ನನಗೆ ಮೊದಲಿನಿಂದಲೂ ಭಕ್ತಿ, ಒಂದೂ ಪೂರ್ತಿಯಾದದ್ದನ್ನು ಕಂಡಿಲ್ಲವಾದರೂ.

ಪ್ರಾಚಾರ್ಯರು ನನ್ನನ್ನು ಕರೆದು, ಮೊದಲ ವರ್ಷದ ಹುಡುಗರು ಗಾಬರಿಯಾಗಿದ್ದಾರೆ, ಅವರು ಕಾಲೇಜಿಗೆ ಹೊಂದಿಕೊಳ್ಳುವಂತೆ ಒಂದು ಸೆಮಿನಾರು ಮಾಡಿ, ನಿಮ್ಮನ್ನು ಬಿಟ್ಟರೆ ಈ ಕೆಲಸ ಯಾರಿಂದಲೂ ಆಗದು ಎಂದರು. ನನಗೆ ನೆನಪಿರುವುದು ಹೀಗೆ. ಅವರು ಬರೀ "ಯಾರಾದರೂ ಏನಾದರೂ ಮಾಡಿ" ಎಂದಿರಬೇಕು, ಉಳಿದದ್ದು ನಾನೇ ಸೇರಿಸಿಕೊಂಡದ್ದು ಎಂಬುದು ನಮ್ಮ ಯಜಮಾನರ ಅಭಿಪ್ರಾಯ. ನನ್ನ ನೆನಪು ನನ್ನ ಪರವಾಗಿ ವಾದಿಸುವ ವಕೀಲ. ಅದು ಹೇಳಿದ್ದನ್ನೆಲ್ಲ ನೀವು ನಂಬಬೇಕಾಗಿಲ್ಲ.

ಯಜಮಾನರದು ಬಜಾರದಲ್ಲಿ ಕಿರಾಣಿ ಅಂಗಡಿ. ಸುದ್ದಿ ಕೇಳಿ ಅವರು ಅಂದರು, "ಹುಡುಗರು ತಾವೇ ಹೊಂದಿಕೋತಾವ. ನೀ ಯಾಕ ನಡುವ ಹೋಗಲತ್ತಿ?"

"ವೈಜ್ಞಾನಿಕವಾಗಿ ಹೊಂದಿಸಬೇಕ್ರಿ."

"ಊಟ ಅದೇನು?"

"ಅದ. ಪೂರಿ, ಬಟಾಟಿ ಭಾಜಿ, ಶಿರಾ."

"ಹಂಗಾದ್ರ ಛಲೋ ಕಾರ್ಯಕ್ರಮ ಅದು. ಎಣ್ಣಿ ಡಬ್ಬಿ, ರವಾ ಎಲ್ಲಾ ನಮ್ಮ ಅಂಗಡೀದೇ ಒಯ್ಯಿ."

ಹೀಗೆ ವಿಜ್ಞಾನಕ್ಕೆ ವ್ಯಾಪಾರದ ಬೆಂಬಲ ಸಿಕ್ಕಿತು.

ಆದರೆ ನಾನು ಮೈಮೇಲೆ ಎಳೆದುಕೊಂಡದ್ದು ಬರೀ ಸೆಮಿನಾರನ್ನಲ್ಲ. ಪಕ್ಕದ ಮನೆಯ ಶಕುಂತಲಾ ಕಾಕು ತಮ್ಮ ಅಕ್ಕನ ಮಗಳು ಶಿವಲೀಲಾಳನ್ನು ಮನೆಯಲ್ಲಿಟ್ಟುಕೊಂಡು ಓದಿಸುತ್ತಿದ್ದರು. ಸಾಸ್ತೂರದ ಹುಡುಗಿ. ನಮ್ಮ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದ್ದಳು. ಒಂದು ಸಂಜೆ ಕಾಕು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು.

"ಆಕಿ ಕಾಲೇಜಿನ್ಯಾಗ ಬಾಯೇ ತೆರೆಯಲ್ಲ ನೋಡವ್ವಾ. ಗುರುತಿನವರು ಒಬ್ಬರಿಲ್ಲ, ಊರಿಗಿ ಹೋಗ್ತೀನಂತ ದಿನಾ ಅಳಲತ್ತಾಳ. ಮಂಗಳವಾರ ಅವರಪ್ಪ ಬಂದು ಹೆಸರು ತೆಗಸ್ತಾನಂತ. ಒಮ್ಮಿ ಮನ್ಯಾಗ ಕುಂತ್ಳಂದ್ರ ಮುಂದಿಂದು ನಿನಗ ಗೊತ್ತೇ ಅದ."

ಗೊತ್ತಿತ್ತು. ಮುಂದಿನದು ಅಂದರೆ ವರ.

"ಕಾಕು, ಚಿಂತಿ ಬಿಡ್ರಿ. ಸೋಮವಾರ ನನ್ನ ಸೆಮಿನಾರದ. ಸಂಜಿಗಿ ಆಕಿ ಬ್ಯಾರೆ ಹುಡುಗಿ ಆಗೇ ಬರ್ತಾಳ."

ಸೋಮವಾರವೇ ಯಾಕೆಂದರೆ ಅಂದು ಕಾಲೇಜಿನ ದೊಡ್ಡ ಹಾಲು ಪೂರ್ತಿ ಖಾಲಿಯಿತ್ತು. ಉಳಿದ ಎಲ್ಲ ದಿನವೂ ಏನಾದರೊಂದು ಇತ್ತು, ಸೋಮವಾರ ಮಾತ್ರ ಯಾರೂ ಏನೂ ಇಟ್ಟುಕೊಂಡಿರಲಿಲ್ಲ. ಇದನ್ನು ನಾನು ನನ್ನ ಅದೃಷ್ಟವೆಂದು ತಿಳಿದೆ.

ಸೋಮವಾರ ಬೆಳಿಗ್ಗೆ ಭಾಷಣ ಬಾಯಿಪಾಠ ಮಾಡುತ್ತಿದ್ದಾಗ ಅತ್ತೆ ಉಪವಾಸಕ್ಕೆ ನಡೆಯುವ ಸಾಬುದಾಣಿ ಖಿಚಡಿಯ ತಾಟು ತಂದಿಟ್ಟರು. "ಒಪ್ಪತ್ತದ, ತಿಂದು ಹೋಗು" ಎಂದರು. ತಿಂದೆ. ಅಂದರೆ ಅದು ಶ್ರಾವಣ ಸೋಮವಾರವೆಂಬ ಸಂಗತಿ ನನ್ನ ಹೊಟ್ಟೆಗೆ ತಿಳಿದಿತ್ತು. ತಲೆಗೆ ತಲುಪಿರಲಿಲ್ಲ.

ಹಾಲು ಹುಡುಗ ಹುಡುಗಿಯರಿಂದ ತುಂಬಿತ್ತು. ಕಾಲೇಜಿನ ಭಾಷೆ ಮರಾಠಿ. ಮನೆಯಲ್ಲಿ ಕನ್ನಡವಾಡುವ ನಾನೂ ಮೈಕಿನ ಮುಂದೆ ಮರಾಠಿಯಲ್ಲೇ ಗಂಟಲು ಸರಿಮಾಡಿಕೊಳ್ಳುತ್ತೇನೆ. ಮೊದಲಿಗೆ ಸಂಕೋಚ ಕಳೆಯುವ ಆಟ. ಗುರುತಿಲ್ಲದವರೊಬ್ಬರನ್ನು ಹುಡುಕಿ, ಅವರಿಗೆ ನಿಮ್ಮ ಹೆದರಿಕೆ ಹೇಳಿ ಎಂದೆ. ಪಕ್ಕದ ಹಳ್ಳಿ ತುರೋರಿಯ ಹುಡುಗರು ಎದ್ದು, ಒಂದನೇ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕುಳಿತ ತುರೋರಿಯ ಹುಡುಗರ ಕೈಯನ್ನೇ ಬಹಳ ಗಂಭೀರವಾಗಿ ಕುಲುಕಿದರು. ಹುಡುಗಿಯರು ಕೈಯನ್ನು ಸೆರಗಿಗೋ ಓಢಣಿಗೋ ಸುತ್ತಿಕೊಂಡು ನಿಂತರು. ಒಬ್ಬನನ್ನು ಹಿಡಿದು ನಿಲ್ಲಿಸಿ, "ನಿನಗೆ ಇಲ್ಲಿ ಯಾವುದರ ಹೆದರಿಕೆ? ಮುಚ್ಚುಮರೆ ಬೇಡ" ಎಂದೆ.

ಅವನು ತುಸು ಯೋಚಿಸಿ, "ನಿಮ್ಮದು, ಮ್ಯಾಡಮ್" ಎಂದ.

ಶಿವಲೀಲಾ ನೀರಿನ ಟಾಕಿಯ ಪಕ್ಕದಲ್ಲಿ ಒಬ್ಬಳೇ ನಿಂತಿದ್ದಳು. ಹೋಗಿ ಮಾತಾಡಿಸಿದೆ. ಅವಳು ನನ್ನನ್ನು ನೋಡಲಿಲ್ಲ, ಬಾಗಿಲನ್ನು ನೋಡಿದಳು.

ಆಟ ಬಿಟ್ಟು ಭಾಷಣಕ್ಕೆ ಬಂದೆ. "ಇದು ಶಾಲೆಯಲ್ಲ. ಇಲ್ಲಿ ಯಾರೂ ನಿಮ್ಮ ಕಿವಿ ಹಿಂಡುವುದಿಲ್ಲ. ಹೊತ್ತು ನಿಮ್ಮದು, ನಿರ್ಣಯ ನಿಮ್ಮದು. ಏನು ಮಾಡಬೇಕೆಂದು ಯಾರನ್ನೂ ಕೇಳಬೇಡಿ. ನನ್ನನ್ನೂ ಕೇಳಬೇಡಿ."

ಮಧ್ಯಾಹ್ನದ ಹೊತ್ತಿಗೆ ಇಡೀ ಹಾಲು ಚೀಲ ಹೆಗಲಿಗೇರಿಸಿ ಎದ್ದು ನಿಂತಿತು. ನನ್ನ ಮಾತು ಇಷ್ಟು ಬೇಗ ಯಾರ ಮೇಲೂ ಪರಿಣಾಮ ಮಾಡಿದ್ದಿಲ್ಲ.

"ಎಲ್ಲಿಗೆ?"

"ಮನೆಗೆ, ಮ್ಯಾಡಮ್. ಶ್ರಾವಣಿ ಸೋಮವಾರ ಅಲ್ಲವೇ. ಶಾಲೆಯಲ್ಲಿ ಅರ್ಧ ದಿನ ಬಿಡುತ್ತಿದ್ದರು."

"ಇದು ಶಾಲೆಯಲ್ಲ ಅಂದೆನಲ್ಲ!"

"ಹೌದು. ಅದಕ್ಕೇ ನಿಮ್ಮನ್ನು ಕೇಳಲಿಲ್ಲ."

ನನಗೆ ಹೆದರುವುದಾಗಿ ಹೇಳಿದ್ದ ಹುಡುಗನೇ ಹೀಗೆಂದವನು. ಅವನ ಹೆದರಿಕೆಯನ್ನು ನನ್ನ ಭಾಷಣ ಪೂರ್ತಿ ಕಳೆದುಬಿಟ್ಟಿತ್ತು.

ಶಿವಲೀಲಾ ಆಗಲೇ ಹೊಸ್ತಿಲ ಮೇಲಿದ್ದಳು. ಈಗ ಹೋದವಳು ನಾಳೆ ಬರುವುದಿಲ್ಲ. ನಾನು ಓಡಿಹೋಗಿ ಊಟದ ಪಾತ್ರೆಗಳ ಮುಚ್ಚಳ ತೆಗೆಸಿದೆ. ಪೂರಿಯ ರಾಶಿ ಬಿಸಿಲಿಗೆ ಹೊಳೆಯಿತು. ಶಿರಾದ ಪರಿಮಳ ಹಾಲಿನ ಮೂಲೆಮೂಲೆಗೆ ಹೋಗಿ ಪ್ರತಿಯೊಬ್ಬರನ್ನೂ ಭೇಟಿಯಾಗಿ ಬಂದಿತು. ಯಾರೂ ಅಲುಗಲಿಲ್ಲ.

"ಉಪವಾಸ ಆಹೆ, ಮ್ಯಾಡಮ್," ಎಂದು ಒಕ್ಕೊರಲಿನಿಂದ ಹೇಳಿದರು.

ತಾಟು ಹಿಡಿಯಲು ಹೋದ ನನ್ನ ಕೈ ಅಲ್ಲಿಯೇ ನಿಂತಿತು. ಖಿಚಡಿ ಆಗ ತಲೆಗೆ ತಲುಪಿತು. ನನಗೂ ಒಪ್ಪತ್ತು!

ಮನೆಯಲ್ಲಿ ಒಪ್ಪತ್ತು ಮಾಡದ ಕೆಲವರು ಸಂತೋಷದಿಂದ ಕುಳಿತು ಉಂಡರು. ಆದರೆ ಪೂರಿಯ ರಾಶಿಗೆ ಅದು ತಿಳಿಯಲೂ ಇಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಇದೊಂದು ಸಣ್ಣ ಅವಮಾನವಾಗಿ ಮುಗಿಯುತ್ತಿತ್ತು. ನಾನು ಬಿಡಲಿಲ್ಲ. ಹೊತ್ತು ನಿಮ್ಮದು, ನಿರ್ಣಯ ನಿಮ್ಮದು ಎಂದಿದ್ದ ಅದೇ ಮೈಕು ಹಿಡಿದು, ಸಂಜೆಯವರೆಗೆ ಕುಳಿತವರಿಗೆ ಮಾತ್ರ ಹಾಜರಿ ಎಂದು ಘೋಷಿಸಿದೆ. ಎಲ್ಲರೂ ಕುಳಿತರು, ಹೊಸ್ತಿಲ ಮೇಲಿದ್ದ ಶಿವಲೀಲಾ ಕೂಡ. ಉಪವಾಸದ ಹುಡುಗರನ್ನು ಶಿರಾದ ಎದುರು ಕೂಡಿಸಿ, ಮನಸ್ಸನ್ನು ಹತೋಟಿಯಲ್ಲಿ ಇಡುವುದು ಹೇಗೆಂದು ನಾನು ಹೇಳತೊಡಗಿದೆ. ಫ್ಯಾನು ಕೆಟ್ಟು ನಿಂತಿತು. ನಾನು ನಿಲ್ಲಲಿಲ್ಲ. "ಮನಸ್ಸು ಗಟ್ಟಿಯಿದ್ದರೆ ದೇಹ ತಾನಾಗಿ," ಎಂದೆ.

ದೇಹ ತಾನಾಗಿ ಬಿದ್ದಿತು.

ಹೇಗೆ ಬಿದ್ದೆ ಎಂಬ ಬಗ್ಗೆ ಬೇರೆಬೇರೆ ಹೇಳಿಕೆಗಳಿವೆ. ಬಾಳೆಗಿಡ ವಾಲಿದಂತೆ ಮೆಲ್ಲಗೆ, ಗೌರವದಿಂದ ಕುಸಿದೆ ಎಂಬುದು ನನ್ನದು. ಮೈಕಿನ ಸ್ಟ್ಯಾಂಡನ್ನು ತಬ್ಬಿಕೊಂಡೇ ಹೋದರು, ಸದ್ದು ಸ್ಪೀಕರಿನಲ್ಲಿ ಬಂತು ಎಂಬುದು ಹುಡುಗರದು. ಬಹುಮತ ಅವರ ಕಡೆಗಿದೆ.

ಕಣ್ಣಿಗೆ ಕತ್ತಲೆ ಕವಿದಿತ್ತು, ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ಯಾರೋ ಕನ್ನಡದಲ್ಲಿ ಹಾಲು ನಡುಗುವಂತೆ ಕೂಗುತ್ತಿದ್ದರು.

"ಏ ಉದ್ದನ್ನಾಂವಾ, ಏನ್ ನೋಡಲತ್ತಿ? ನೀರು ತಾ! ಕೆಂಪು ಓಢಣಿ ಅಕ್ಕಾ, ಆ ಕಿಟಕಿ ತೆರಿ. ಸರೀರಿ ಎಲ್ಲಾರೂ, ಗಾಳಿ ಬರಲಿ!"

"ನೀರು ತಂದೆ ತಂದೆ," ಎಂದು ಉದ್ದನೆಯವನು ಕನ್ನಡದಲ್ಲೇ ಓಡಿದ. "ಈ ಕಿಟಕಿ ತೆರಿಯಲ್ಲಬೇ, ತುಕ್ಕು ಹಿಡದದ," ಎಂದು ಕೆಂಪು ಓಢಣಿಯವಳು ಕನ್ನಡದಲ್ಲೇ ಗೊಣಗಿದಳು. ಬೆಳಗಿನಿಂದ ಮರಾಠಿಯಲ್ಲಿ ನಾಚುತ್ತಿದ್ದ ಅರ್ಧ ಹಾಲು ಕನ್ನಡದಲ್ಲಿ ಗದ್ದಲ ಮಾಡುತ್ತಿತ್ತು.

ಕೂಗುತ್ತಿದ್ದವಳು ಶಿವಲೀಲಾ. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಶಿರಾ ತುರುಕಿದಳು.

"ನನಗ ಒಪ್ಪತ್ತು," ಎಂದು ನಾನು ಕ್ಷೀಣವಾಗಿ ಹೇಳಿದೆ.

"ಸುಮ್ಮ ತಿನ್ರಿ ಮ್ಯಾಡಮ್. ಪಾಪ ಹತ್ತಿದ್ರ ನನಗ ಹತ್ತಲಿ."

ತಿಂದೆ. ಚೆನ್ನಾಗಿತ್ತು. ಅಷ್ಟರಲ್ಲಿ ನನಗೆ ಪೂರ್ತಿ ಎಚ್ಚರವಾಗಿತ್ತು. ಆದರೆ ಕಣ್ಣು ತೆರೆದರೆ ಯಾರ ಮುಖ ನೋಡಬೇಕೆಂದು ತಿಳಿಯದೆ, ಹುಡುಗಿಯರು ಎತ್ತಿ ಮಲಗಿಸಿದ ಎರಡು ಬೆಂಚುಗಳ ಮೇಲೆ ಮಲಗಿಯೇ ಇದ್ದೆ.

ಶಿವಲೀಲಾ ಪೂರಿಯ ರಾಶಿಯ ಕಡೆ ತಿರುಗಿದಳು. "ಇಷ್ಟೆಲ್ಲಾ ಕೆಡಸ್ತೀರೇನು? ಪೇಪರಿನ್ಯಾಗ ಕಟ್ಟಿ ಕೊಡ್ತೀನಿ. ಸಂಜಿಗಿ ಮನ್ಯಾಗ ಒಪ್ಪತ್ತು ಬಿಡೋ ಹೊತ್ತಿನ್ಯಾಗ ತಿನ್ರಿ. ಒಬ್ಬೊಬ್ಬರೇ ಬರ್ರಿ. ನಿನ್ನ ಹೆಸರೇನು? ಊರು ಯಾವುದು? ಮನ್ಯಾಗ ಎಷ್ಟು ಮಂದಿ? ಎಷ್ಟು? ಅಷ್ಟು ಮಂದಿಗಿ ಇಷ್ಟು ಸಾಲಲ್ಲ, ಇನ್ನೂ ಒಯ್ಯಿ."

ಗುರುತಿಲ್ಲದವರನ್ನು ಹುಡುಕಿ ಮಾತಾಡಿಸುವ ನನ್ನ ಆಟವನ್ನು ಅವಳು ಹಾಲಿನ ಕೊನೆಯ ಹುಡುಗನವರೆಗೆ ಆಡಿ ಮುಗಿಸಿದಳು. ಹೋಗುವಾಗ ಎಲ್ಲರೂ ಅವಳಿಗೆ ಹೇಳಿ ಹೋದರು. ನನಗೆ ಯಾರೂ ಹೇಳಲಿಲ್ಲ, ನಿದ್ದೆಯಲ್ಲಿದ್ದಾರೆಂದು.

ಮನೆಗೆ ಬಂದು, ಉಪವಾಸದ ನಿತ್ರಾಣದಿಂದ ಬಿದ್ದೆ ಎಂದು ಹೇಳಿದೆ. ಅತ್ತೆ ಅಡುಗೆ ಮನೆಯಿಂದಲೇ ಆಕ್ಷೇಪಿಸಿದರು. "ಉಪವಾಸ ಎಲ್ಲಿಂದ ಬಂತು? ಮುಂಜಾನಿ ತಾಟು ತುಂಬ ಖಿಚಡಿ ತಿಂದು, ಮ್ಯಾಲ ಮತ್ತ ಹಾಕಸ್ಕೊಂಡಾಳ."

ಹಾಕಿಸಿಕೊಂಡದ್ದು ನನಗೆ ನೆನಪಿಲ್ಲ. ನೆನಪು ನನ್ನ ವಕೀಲ ಎಂದು ಮೊದಲೇ ಹೇಳಿದೆನಲ್ಲ.

"ಹಂಗಾದ್ರ ಹಸಿವಿಗಿ ಬಿದ್ದಿಲ್ಲ," ಯಜಮಾನರು ತೀರ್ಪು ಕೊಟ್ಟರು. "ತನ್ನ ಭಾಷಣ ತಾನೇ ಕೇಳಿ ಬಿದ್ದಾಳ."

ಮಂಗಳವಾರ ಶಿವಲೀಲಾಳ ಅಪ್ಪ ಬಂದರು. ನೇರ ಸ್ಟಾಫ್ ರೂಮಿಗೆ ಬಂದು ಟೊಪ್ಪಿಗೆ ಸರಿಮಾಡಿಕೊಂಡು ನಿಂತರು.

"ಹೆಸರು ತೆಗಸ್ಲಿಕ್ಕಿ ಬಂದಿದ್ದೆ ನೋಡ್ರಿ. ಹುಡುಗಿ ಈಗ ಒಲ್ಲೆ ಅಂತಾಳ."

ನನ್ನ ಬೆನ್ನು ನೆಟ್ಟಗಾಯಿತು. "ನಮ್ಮ ಸೆಮಿನಾರಿನ ಉದ್ದೇಶವೇ ಅದು. ಹೊಸ ವಾತಾವರಣಕ್ಕೆ ವಿದ್ಯಾರ್ಥಿಗಳು..."

"ಅದೇನೋ ನನಗ ತಿಳಿಯಲ್ರಿ. 'ಅಪ್ಪಾ, ಆ ಮ್ಯಾಡಮ್ಮಿಗಿ ಇಲ್ಲಿ ಯಾರೂ ನೋಡೋರಿಲ್ಲ. ಮತ್ತ ಬಿದ್ರ ಎಬ್ಬಸೋರು ಬೇಕಲ್ಲ, ಬಿಟ್ಟು ಹ್ಯಾಂಗ ಬರಲಿ' ಅಂದ್ಳು. ನನಗೂ ಖರೆ ಅನಸ್ತು." ಅವರು ಚೀಲದಿಂದ ಒಂದು ಡಬ್ಬಿ ತೆಗೆದು ಟೇಬಲಿನ ಮೇಲಿಟ್ಟರು. "ಶೇಂಗಾ ಉಂಡಿ ಅವ. ಕಣ್ಣಿಗಿ ಕತ್ತಲಿ ಬಂದಂಗಾದ್ರ ಒಂದು ಬಾಯಾಗ ಹಾಕ್ಕೋರಿ. ಹೊಸ ಜಾಗಾ ಹೊಂದಿಕೊಳ್ಳಲಿಕ್ಕಿ ಟೈಮ್ ಹತ್ತತದ. ಮನಸಿಗಿ ಹಚಗೋಬ್ಯಾಡ್ರಿ."

ಈ ಕಾಲೇಜಿನಲ್ಲಿ ನನ್ನ ತಲೆಗೂದಲು ಬೆಳ್ಳಗಾಗಿದೆ ಎಂದು ಹೇಳಬೇಕೆಂದಿದ್ದೆ. ಬದಲಿಗೆ ಡಬ್ಬಿ ತೆಗೆದುಕೊಂಡೆ.

ಸೆಮಿನಾರು ಯಶಸ್ವಿಯಾಯಿತೆಂದು ಪ್ರಾಚಾರ್ಯರಿಗೆ ವರದಿ ಬರೆದುಕೊಟ್ಟೆ. ಅದರಲ್ಲಿ ಒಂದು ಸುಳ್ಳೂ ಇಲ್ಲ, ನಾನು ಎಲ್ಲಿದ್ದೆ ಎಂಬುದೊಂದನ್ನು ಬಿಟ್ಟಿದ್ದೇನೆ ಅಷ್ಟೆ. ಶಿವಲೀಲಾ ಈಗ ಗೆಳತಿಯರ ದಂಡು ಕಟ್ಟಿಕೊಂಡು ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾಳೆ. ಪಾಠ ಕೇಳಲು ಎಂದು ಮೊದಮೊದಲು ಹೆಮ್ಮೆಪಟ್ಟಿದ್ದೆ. ಅವಳು ನೋಡುವುದು ಪುಸ್ತಕವನ್ನಲ್ಲ, ನನ್ನ ಮುಖವನ್ನು. ಮಾತು ಸ್ವಲ್ಪ ಉದ್ದವಾಯಿತೆಂದರೆ ಸಾಕು, ಅವಳ ಕೈ ಮೆಲ್ಲಗೆ ನೀರಿನ ಬಾಟಲಿಯ ಕಡೆಗೆ ಹೋಗುತ್ತದೆ.

ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ.