ಎರಡು ಗಂಟೆಯ ನಂತರದ ಟೈಪಿಸ್ಟ್

ತೊಂಬತ್ತು ದಿನ ಎಡೆಬಿಡದೆ ದುಡಿದ ತಾತ್ಕಾಲಿಕ ನೌಕರನನ್ನು ಖಾಯಂ ಮಾಡತಕ್ಕದ್ದು ಎಂಬುದು ನಮ್ಮ ಕಚೇರಿಯ ನಿಯಮ. ಆದಕಾರಣ ಎಲ್ಲರನ್ನೂ ಎಂಬತ್ತೊಂಬತ್ತನೆಯ ದಿನ ವಜಾ ಮಾಡಿ, ಒಂದು ದಿನ ಮನೆಯಲ್ಲಿ ಕೂರಿಸಿ, ಮತ್ತೆ ಸೇರಿಸಿಕೊಳ್ಳಲಾಗುತ್ತದೆ. ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಿಲ್ಲ. ತೊಂದರೆಯಾದವರು ತಾತ್ಕಾಲಿಕ ನೌಕರರಾದ್ದರಿಂದ ಆ ತೊಂದರೆಯನ್ನೂ ತಾತ್ಕಾಲಿಕವೆಂದೇ ಪರಿಗಣಿಸಲಾಗಿದೆ.

ವಜಾ ಆದೇಶಗಳನ್ನೆಲ್ಲ ಟೈಪ್ ಮಾಡುವವನು ನಮ್ಮ ಟೈಪಿಸ್ಟ್. ಅವನೂ ತಾತ್ಕಾಲಿಕ, ಹದಿನೆಂಟು ವರ್ಷಗಳಿಂದ. ತನ್ನ ವಜಾ ಆದೇಶವನ್ನೂ ತಾನೇ ಟೈಪ್ ಮಾಡಿ, ಸಾಹೇಬರ ಸಹಿ ಹಾಕಿಸಿ, ತನಗೆ ತಾನೇ ಕೊಟ್ಟುಕೊಂಡು, ತಲುಪಿದೆ ಎಂದು ಬರೆದು ಹೋಗುತ್ತಾನೆ. ಹತ್ತರಿಂದ ಎರಡರವರೆಗೆ ಅವನು ಅರೆಕಾಲಿಕ ಟೈಪಿಸ್ಟ್. ಎರಡರಿಂದ ಆರರವರೆಗೆ ಅದೇ ಕಚೇರಿಯ ಅರೆಕಾಲಿಕ ಕಾವಲುಗಾರ. ತಾತ್ಕಾಲಿಕರಿಗೆ ಇಡೀ ದಿನದ ಕೆಲಸ ಕೊಡಕೂಡದು ಎಂಬ ಇನ್ನೊಂದು ನಿಯಮವನ್ನು ಹೀಗೆ ಚಾಚೂತಪ್ಪದೆ ಪಾಲಿಸಲಾಗಿದೆ.

ಈ ಸಲ ಅವನ ಹೆಂಡತಿ ಹಟ ಹಿಡಿದಳು. "ನಿಮಗೂ ವಯಸ್ಸಾಯ್ತು. ಖಾಯಂ ಆಗದೆ ಪಿಂಚಣಿ ಇಲ್ಲ. ಆ ಹಾಳು ಕಾಗದ ಟೈಪ್ ಮಾಡಿದ್ರೆ ಮನೆಗೆ ಬರಬೇಡಿ." ಪಾಪ, ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಎಂಬತ್ತೊಂಬತ್ತನೆಯ ದಿನ ಸಾಹೇಬರಿಗೆ ಆದೇಶದ ನೆನಪಾದಾಗ ಎರಡೂಕಾಲು. ಎದ್ದೆನೋ ಬಿದ್ದೆನೋ ಎಂದು ಗೇಟಿಗೆ ಓಡಿದರು.

"ಟೈಪಿಸ್ಟ್ ಎಲ್ಲಯ್ಯಾ?"

"ಎರಡಕ್ಕೇ ಹೋದ್ರು ಸಾರ್," ಎಂದ ಕಾವಲುಗಾರ, ಟೋಪಿ ಸರಿಮಾಡಿಕೊಂಡು.

"ನೀನೇ ಅಲ್ವೇನೋ ಅವನು!"

"ಬೆಳಿಗ್ಗೆ ಹೌದು ಸಾರ್. ಈಗ ನಾನು ಟೈಪ್ ಮಾಡಿದ್ರೆ ಒಬ್ಬನಿಗೇ ಇಡೀ ದಿನದ ಕೆಲಸ ಕೊಟ್ಟ ಹಾಗಾಗುತ್ತೆ. ನಿಮ್ಮ ತಲೆ ಮೇಲೇ ಬರುತ್ತೆ."

ಸಾಹೇಬರು ನಿಯಮಕ್ಕೆ ತಲೆಬಾಗುವವರು, ಒಪ್ಪಿದರು. ಕೈಬರಹದ ಆದೇಶ ನಡೆಯುವಂತಿಲ್ಲವಾದ್ದರಿಂದ ತಾವೇ ಒಂದು ಬೆರಳಿನಲ್ಲಿ ಟೈಪ್ ಮಾಡಲು ಕೂತರು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಆರು ಹೊಡೆಯಿತು. ಕಾವಲುಗಾರ ದೀಪ ಆರಿಸಿ, ಅವರನ್ನು ಮರ್ಯಾದೆಯಿಂದ ಹೊರಗೆ ಕಳಿಸಿ, ಬೀಗ ಹಾಕಿದ.

ಮರುದಿನ ಹತ್ತಕ್ಕೆ ಕುರ್ಚಿಯಲ್ಲಿ ಕೂತ ಕೂಡಲೇ ಟೈಪಿಸ್ಟ್ ಖಾಯಂ ಆದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನನಗಂತೂ ಕಣ್ಣು ತುಂಬಿತು. ಅವನು ಹಿಂದಕ್ಕೊರಗಿ, ಕನ್ನಡಕ ಏರಿಸಿ, ಕಡತ ಬಿಡಿಸಿದ. ಕಾವಲುಗಾರನ ನೇಮಕ ಒಂದು ದಿನ ತಡವಾಗಿ ಆಗಿತ್ತು. ಅವನ ಎಂಬತ್ತೊಂಬತ್ತನೆಯ ದಿನ ಇವತ್ತು.

"ಇವನನ್ನ ಇವತ್ತೇ ತೆಗೀಬೇಕು ಸಾರ್," ಎಂದ ಟೈಪಿಸ್ಟ್. "ಹೀಗೇ ಬಿಟ್ರೆ ಎಲ್ರೂ ಖಾಯಂ ಅಂತ ಬಂದು ಕೂತ್ಕೋತಾರೆ."

ಐದೇ ನಿಮಿಷದಲ್ಲಿ ಟೈಪ್ ಮಾಡಿ ಸಹಿ ಹಾಕಿಸಿದ.

ಎರಡಕ್ಕೆ ಆದೇಶ ಕಾವಲುಗಾರನ ಕೈಸೇರಿತು. ಅವನು ಬೆವರುತ್ತಾ ಸಾಹೇಬರ ಮುಂದೆ ನಿಂತ. "ಅವರಿಗೆ ನೀವಾದ್ರೂ ಒಂದು ಮಾತು ಹೇಳಿ ಸಾರ್."

"ನನ್ನ ಕೈಲೇನಿದೆಯಪ್ಪಾ? ಅವರು ಖಾಯಂ ಸಿಬ್ಬಂದಿ. ನಾಳೆ ಹತ್ತಕ್ಕೆ ಬಂದು ನೀನೇ ಕೇಳ್ಕೋ."

ಸಂಜೆ ಜೋಲುಮುಖ ಹಾಕಿಕೊಂಡು ಬಂದ ಗಂಡನನ್ನು ಕಂಡು ಹೆಂಡತಿಗೆ ಗಾಬರಿಯಾಯಿತು.

"ತೆಗೆದುಬಿಟ್ರು ಕಣೇ," ಎಂದ ಅವನು. "ಖಾಯಂ ಆದವರಿಗೆ ನಮ್ಮಂಥವರ ಕಷ್ಟ ಎಲ್ಲಿ ಅರ್ಥ ಆಗುತ್ತೆ?"

ಹೆಂಡತಿ ಆ ಟೈಪಿಸ್ಟ್‌ಗೆ ಹಿಡಿಶಾಪ ಹಾಕಿ, ಗಂಡನಿಗೆ ಊಟ ಬಡಿಸಿದಳು.