ಮಾವನ ಬಂಡಿಮನೆಗೆ ಥರ್ಮೋಕೋಲು

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ನಶ್ಯದ ಚಟ. ನನಗಿರುವುದು ಉಪಕಾರದ ಚಟ. ಮೊದಲಿನ ಎರಡರಿಂದ ಹಾಳಾಗುವವರು ಚಟ ಇದ್ದವರೇ. ನನ್ನದರಿಂದ ಹಾಳಾಗುವವರು ಸುತ್ತಮುತ್ತಲಿನವರು. ಯಾರಾದರೂ ನನ್ನೆದುರು ಒಂದು ಕಷ್ಟ ಹೇಳಿಕೊಂಡರೆ ಸಾಕು, ನನ್ನ ಕೈ ತಾನಾಗಿಯೇ ಸುತ್ತಿಗೆ ಹುಡುಕುತ್ತದೆ. ಹಾಗಾಗಿ ನನ್ನ ಹೆಂಡತಿ ಗಿರಿಜಾ ಈಚೆಗೆ ಕಷ್ಟ ಹೇಳುವುದನ್ನೇ ಬಿಟ್ಟಿದ್ದಾಳೆ. ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದರೂ ನಾನು ಬಂದೊಡನೆ ನೆಟ್ಟಗೆ ನಿಂತು, “ಎಲ್ಲಾ ಚಲೋ ಐತ್ರಿ” ಎನ್ನುತ್ತಾಳೆ. ಅವಳಿಗೆ ಇಷ್ಟೊಂದು ಎಚ್ಚರಿಕೆ ಬಂದದ್ದು ಬಂಡಿಮನೆಯ ಪ್ರಕರಣದ ನಂತರ.

ಆಗ ನಾನು ಕೊಟ್ಟೂರಿನಲ್ಲಿ ಮಾಸ್ತರನಾಗಿದ್ದೆ. ನಮ್ಮ ಮಾವ ಮೈಲಾರಪ್ಪ ಗುಡೇಕೋಟೆ ಕಡೆಯವರು, ಇನ್ನೂರು ಕುರಿಗಳ ಒಡೆಯರು. ಬೇಸಿಗೆ ಬಂತೆಂದರೆ ಕುರಿ ಹೊಡೆದುಕೊಂಡು ಹೊಳೆಸಾಲಿನ ಕಡೆ ಹೊರಟುಬಿಡುವವರು. ಹಾಸಲು ಒಂದು ಕಂಬಳಿ, ಹೊದೆಯಲೂ ಅದೇ ಕಂಬಳಿ. ಅವರು ನನ್ನ ತಾಯಿಯ ಖಾಸಾ ತಮ್ಮ. ಅಂದರೆ ಮಗಳನ್ನು ಕೊಡುವುದಕ್ಕೆ ಬಹಳ ಮೊದಲೇ ನನ್ನ ಮೂಗು ಒರೆಸಿದವರು. ಒಮ್ಮೆ ಮೂಗು ಒರೆಸಿದ ಮನುಷ್ಯನಿಂದ ಅಳಿಯನ ಮರ್ಯಾದೆ ಗಿಟ್ಟಿಸುವುದು ಎಷ್ಟು ಕಷ್ಟ ಎಂಬುದು ಸೋದರಮಾವನ ಮಗಳನ್ನು ಮದುವೆಯಾದವರಿಗಷ್ಟೇ ಗೊತ್ತು. ನನಗೆ ನಲವತ್ತು ತುಂಬಿದ್ದರೂ ಅವರು ಸಂತೆಯಲ್ಲಿ ನಾಲ್ಕು ಜನರೆದುರು, “ಲೇ ಮಾಸ್ತರ, ಹಗ್ಗ ಮುಟ್ಟಬ್ಯಾಡ, ಕೈ ಕೊಯ್ಕೊಂತಿ” ಎನ್ನುತ್ತಿದ್ದರು.

ಆ ವರ್ಷ ಅಕಾಲದ ಮಳೆಯಲ್ಲಿ ನೆನೆದು ಮಾವ ಹದಿನೈದು ದಿನ ಕೆಮ್ಮಿದರು. “ಅಪ್ಪಗ ಅಡವ್ಯಾಗ ತಲಿ ಮ್ಯಾಲೆ ಒಂದು ಸೂರು ಇದ್ದಿದ್ರ…” ಎಂದು ಗಿರಿಜಾ ಕಣ್ಣೊರೆಸಿಕೊಂಡಳು. ಅವಳು ವಾಕ್ಯ ಮುಗಿಸುವಷ್ಟರಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಗುಜರಿ ಅಂಗಡಿಯಲ್ಲಿದ್ದೆ. ಹಳೆಯ ಜೀಪಿನ ಅಚ್ಚು, ಎರಡು ಗಾಲಿ ತಂದೆ. ನಮ್ಮ ಓಣಿಯ ವೆಲ್ಡಿಂಗ್ ಖಾಜಾಸಾಬ ಕಬ್ಬಿಣದ ಚೌಕಟ್ಟು ಕಟ್ಟಿ, ತಗಡು ಹೊದಿಸಿ, ಒಂದು ಬಾಗಿಲು, ಒಂದು ಕಿಟಕಿ ಇಟ್ಟುಕೊಟ್ಟ. ಮಾವನ ಎತ್ತುಗಳು ಎಳೆದುಕೊಂಡು ಹೋಗಬಲ್ಲ ಮನೆ! ನೋಡಲು ಬಂದವರಿಗೆಲ್ಲ ನಾನೇ ಬಾಗಿಲು ತೆರೆದು ತೋರಿಸುತ್ತಿದ್ದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗಿರಿಜಾ ಒಳಗೆ ಹೋದವಳು ಎರಡು ನಿಮಿಷದಲ್ಲಿ ಕೆಂಪಗಾಗಿ ಹೊರಬಂದಳು.

“ಏನ್ರಿ, ಇದರಾಗ ನಮ್ಮಪ್ಪನ್ನ ಮಲಗಿಸ್ತೀರೋ, ಬೇಯಿಸ್ತೀರೋ?”

ಅದೇ ಹೊತ್ತಿಗೆ ಐಸ್ ಕ್ಯಾಂಡಿಯವನು ಗಂಟೆ ಬಾರಿಸುತ್ತ ಓಣಿಯಲ್ಲಿ ಬಂದ. ಅವನ ಡಬ್ಬಿಯ ಒಳಗೋಡೆಗೆ ಥರ್ಮೋಕೋಲು ಹಚ್ಚಿದ್ದನ್ನು ಕಂಡು ನನಗೆ ಮೈ ಜುಮ್ಮೆಂದಿತು. ಕ್ಯಾಂಡಿ ಕರಗದಿದ್ದರೆ ಮಾವ ಯಾಕೆ ಕರಗಬೇಕು?

ಆದರೆ ನಾಲ್ಕು ಗೋಡೆ, ಒಂದು ಛಾವಣಿಗೆ ಸಾಲುವಷ್ಟು ಥರ್ಮೋಕೋಲು ಎಲ್ಲಿಂದ ತರುವುದು? ಮದುವೆ ಮಂಟಪ ಅಲಂಕರಿಸುವ ವೀರೇಶ ಆಪದ್ಬಾಂಧವನಾದ. ಆಗ ಮದುವೆಯೆಂದರೆ ವಧೂವರರ ಹೆಸರನ್ನು ಥರ್ಮೋಕೋಲಿನ ಹಲಗೆಯ ಮೇಲೆ ಜರಿಪುಡಿ ಉದುರಿಸಿ ಬರೆದು ಹಿಂದೆ ನಿಲ್ಲಿಸುವುದು ಕಡ್ಡಾಯ. ಮದುವೆ ಮುಗಿದ ಮೇಲೆ ಅವು ಯಾರಿಗೂ ಬೇಡ. “ಒಯ್ಯಿರಿ ಸಾರ್, ಇಡಾಕ ಜಾಗ ಇಲ್ಲ” ಎಂದು ಎರಡು ವರ್ಷದ ಮದುವೆಗಳನ್ನೆಲ್ಲ ನನಗೆ ಹೊರಿಸಿ ಕಳಿಸಿದ. ಹೃದಯಗಳು, ನವಿಲುಗಳು, ಹಂಸಗಳು, ಹನ್ನೊಂದು ಜೋಡಿ ಗಂಡಹೆಂಡಿರು.

ಹಚ್ಚುವುದಕ್ಕೆ ನಾನು ಅಗ್ಗದ ಗೋಂದು ತರಲಿಲ್ಲ. ಚಪ್ಪಲಿ ಹೊಲಿಯುವವರು, ಬಡಗಿಗಳು ಬಳಸುವ ಗಟ್ಟಿ ಅಂಟಿನ ದೊಡ್ಡ ಡಬ್ಬಿಯನ್ನೇ ತಂದೆ. ಮೊದಲ ನವಿಲಿಗೆ ಧಾರಾಳವಾಗಿ ಬಳಿದು, ಗೋಡೆಗೆ ಒತ್ತಿ, ಖಾಜಾಸಾಬನೊಂದಿಗೆ ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ನವಿಲಿಗೆ ಕತ್ತಿಲ್ಲ. ನಮ್ಮ ಕಣ್ಣೆದುರೇ ಅದರ ಹೊಟ್ಟೆಯೂ ಒಳಗೆ ಕುಸಿಯಿತು. ಅಂಟು ಸಾಲಲಿಲ್ಲವೇನೋ ಎಂದು ನಾನು ಇನ್ನಷ್ಟು ಬಳಿದೆ. ಕಾಲುಗಳೂ ಹೋದವು.

“ಸಾರ್,” ಎಂದ ಖಾಜಾಸಾಬ, ಟೋಪಿ ಸರಿಪಡಿಸಿಕೊಳ್ಳುತ್ತ, “ನೀವು ಹಚ್ಚಾಕತ್ತಿಲ್ಲ. ಊಟಕ್ಕ ಬಡಸಾಕತ್ತೀರಿ. ಈ ಅಂಟು ಅದನ್ನ ತಿಂತೈತಿ.”

ಆ ಅಂಟಿಗೂ ಥರ್ಮೋಕೋಲಿಗೂ ಆಗಿಬರುವುದಿಲ್ಲವಂತೆ, ತಾಕಿದರೆ ಕರಗಿಸಿಬಿಡುತ್ತದಂತೆ. ಇದನ್ನು ನಾನು ನಂಬುವ ಹೊತ್ತಿಗೆ ಎರಡು ನವಿಲು, ಒಂದು ಹಂಸ ಕರಗಿ ಒಂದು ಲೋಟದಷ್ಟು ಲೋಳೆಯಾಗಿದ್ದವು. ಕೊನೆಗೆ ಗಿರಿಜಾ ಮೈದಾಹಿಟ್ಟಿನ ಅಂಬಲಿ ಕಾಯಿಸಿಕೊಟ್ಟಳು. ಗೋಡೆಗೆ ಪೋಸ್ಟರ್ ಅಂಟಿಸುವವರ ಹಾಗೆ ಕಸಬರಿಗೆಯಲ್ಲಿ ಅದನ್ನು ಬಳಿದೆ. ಇಡೀ ಹಲಗೆಗಳು ಭದ್ರವಾಗಿ ಕೂತವು.

ಮೂಲೆ, ಸಂದುಗಳಿಗೆ ಉಳಿದ ಹಲಗೆಗಳನ್ನು ಅಳತೆಗೆ ಕೊಯ್ಯುವುದು ಬಾಕಿಯಿತ್ತು. ಗರಗಸದ ಅಲಗಿಗೆ ಥರ್ಮೋಕೋಲು ಸಿಕ್ಕಿದಾಗ ಬರುವ ಕೀರಲು ಸದ್ದನ್ನು ಕೇಳಿದವರೇ ಬಲ್ಲರು. ನಮ್ಮ ಓಣಿಯ ನಾಯಿ ಅಂದು ಊರ ಹೊರಗೆ ಹೋದದ್ದು ಮೂರು ದಿನ ಬರಲಿಲ್ಲ. ಸದ್ದಾದರೂ ನಿಲ್ಲುತ್ತದೆ, ಕಾಳು ನಿಲ್ಲುವುದಿಲ್ಲ. ಸಣ್ಣ ಸಣ್ಣ ಬಿಳಿ ಕಾಳುಗಳು ಮೀಸೆ, ಹುಬ್ಬು, ಅಂಗಿ ಎಲ್ಲಕ್ಕೂ ಹತ್ತಿದವು. ಕೊಡವಿದರೆ ಇನ್ನೊಂದು ಕಡೆ ಹತ್ತಿದವು. ಅಷ್ಟರಲ್ಲಿ ಗಾಳಿ ಬಿಟ್ಟಿತು.

ಪಕ್ಕದ ಮನೆಯ ಬಸಮ್ಮ ಅದೇ ದಿನ ಮಾಳಿಗೆಯ ಮೇಲೆ ಸಬ್ಬಕ್ಕಿ ಸಂಡಿಗೆ ಇಟ್ಟಿದ್ದರು. ಸ್ವಲ್ಪ ಹೊತ್ತಿಗೆ ಮೇಲಿನಿಂದಲೇ ಕರೆ ಬಂತು. “ಮಾಸ್ತರ, ಒಂದೀಟು ಮ್ಯಾಲ ಬರ್ರಿ.” ಹೋದೆ. ಅವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ನೀವು ಓದಿದವರು. ಇದರಾಗ ಸಬ್ಬಕ್ಕಿ ಯಾವುದು, ನಿಮ್ಮ ಬಂಡಿ ಯಾವುದು, ಹೇಳ್ರಿ.”

ಕನ್ನಡಕ ಒರೆಸಿಕೊಂಡು ನೋಡಿದೆ. ಎರಡೂ ದುಂಡಗೆ, ಎರಡೂ ಬೆಳ್ಳಗೆ. ಊದಿದರೆ ಹಾರುವುದು ನನ್ನದು, ಉಳಿಯುವುದು ಅವರದು ಎಂಬ ಉಪಾಯ ಹೊಳೆಯಿತು. ಸಂಡಿಗೆ ಇಡಲು ಹಾಸಿದ ಸೀರೆಯ ಸುತ್ತ ಮೊಣಕಾಲೂರಿ ಊದಿದೆ. ಹಸಿ ಸಂಡಿಗೆ ನನ್ನ ಕಾಳುಗಳನ್ನು ಅವಚಿಕೊಂಡುಬಿಟ್ಟಿತ್ತು. ತಲೆ ಸುತ್ತಿತೇ ಹೊರತು ಒಂದೂ ಹಾರಲಿಲ್ಲ. ಬಸಮ್ಮ ಅಷ್ಟನ್ನೂ ತಿಪ್ಪೆಗೆ ಹಾಕಿದರು. ಮುಂದಿನ ಎರಡು ದಿನ ಗಿರಿಜಾ ಆ ಮಾಳಿಗೆಯ ಮೇಲೆ ಕೂತು ಅವರಿಗೆ ಹೊಸ ಸಂಡಿಗೆ ಇಟ್ಟಳು. ನಾನು ಅವಳಿಗೆ ಕೊಡೆ ಹಿಡಿದೆ.

ಮಾವ ಬಂದ ದಿನ ನಾನೇ ಮುಂದೆ ಓಡಿ ಬಾಗಿಲು ತೆರೆದೆ. ಅವರು ಒಳಗೆ ಹತ್ತಿ ಕೂತರು. ಹೊರಗೆ ಉರಿಬಿಸಿಲು, ಒಳಗೆ ನಿಜಕ್ಕೂ ತಣ್ಣಗಿತ್ತು. ಮಾವ ತಲೆದೂಗಿದರು. ಆಮೇಲೆ ಜರಿಪುಡಿ ಮಿನುಗುವ ಅಕ್ಷರಗಳನ್ನು ಬೆರಳಲ್ಲಿ ಮುಟ್ಟಿ, “ಏನು ಬರದೈತಿ ಇಲ್ಲಿ?” ಎಂದರು.

“ಮಂಜುನಾಥ, ಶೈಲಜಾ.”

“ಅಲ್ಲಿ?”

“ಕೊಟ್ರೇಶ, ಅನ್ನಪೂರ್ಣ.”

“ಯಾರಿವರು?”

“ಗೊತ್ತಿಲ್ಲ ಮಾವ.”

ಮಾವ ನಾಲ್ಕೂ ಗೋಡೆಗಳನ್ನು ಒಮ್ಮೆ ನೋಡಿದರು. “ಲೇ ಮಾಸ್ತರ, ಗೊತ್ತಿಲ್ಲದ ಹನ್ನೊಂದು ಜೋಡಿ ಹೊಸಾ ಗಂಡಹೆಂಡ್ರ ನಡುವ ನಾ ಒಬ್ಬನ ಹೆಂಗ ಮಲಗ್ಲೋ?”

ಹೊರಗೆ ಖಾಜಾಸಾಬ ನಕ್ಕದ್ದು ಕೇಳಿಸಿತು. ಎಲ್ಲದರ ಮೇಲೆ ಪ್ಲೈವುಡ್ ಹೊಡೆದು ಮುಚ್ಚಿಬಿಡುತ್ತೇನೆಂದು ಮಾತು ಕೊಟ್ಟೆ, ಮುಚ್ಚಿದೆ ಕೂಡ. ಆದರೆ ಮರುವಾರ ಒಂದು ಗಳಿಗೆ ಒಳಗೆ ಮಲಗಿ ನೋಡಿದ ಮಾವ ಥಟ್ಟನೆ ಎದ್ದುಬಂದರು. “ಬ್ಯಾಡಪ್ಪ. ಕುರಿ ಕೊಳ್ಳಾಗಿನ ಗಂಟಿ ಸಪ್ಪಳ ಕೇಳಂಗಿಲ್ಲ ಒಳಗ. ಕಿವಿ ಕಿತ್ತಿಟ್ಟಂಗ ಆತು. ತೋಳ ಬಂದ್ರ ನಂಗ ಹೆಂಗ ಗೊತ್ತಾಗಬೇಕು?” ಸೆಖೆಯನ್ನು ತಡೆಯುವ ಗೋಡೆ ಸದ್ದನ್ನೂ ತಡೆಯುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು. “ಇರ್ಲಿ ತಗೋ, ನಡಿಯಾಕ ಬರದ ಮರಿಗಳನ್ನ ಹಾಕ್ಕೊಂಡು ಹೋಗಾಕ ಆಗ್ತೈತಿ” ಎಂದು ಎತ್ತು ಹೂಡಿದರು.

ಶಾಲೆಗೆ ರಜೆ ಬಿಟ್ಟಿತ್ತು. ನಾನೂ ಅವರೊಂದಿಗೆ ಹೊರಟೆ. ಹಂಪಸಾಗರದ ಹತ್ತಿರ ಬಯಲಿನಲ್ಲಿದ್ದಾಗ ಒಂದು ಇಳಿಹೊತ್ತು ಆಕಾಶ ಕಪ್ಪಾಗಿ, ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬೀಳತೊಡಗಿದವು. ಮಾವ ಹದಿನೇಳು ಮರಿಗಳನ್ನು ಎರಡೆರಡಾಗಿ ಎತ್ತಿ ಬಂಡಿಮನೆಯೊಳಗೆ ಹಾಕಿದರು. ನಾನು ಒಳಗೆ ನಿಂತು ತೆಗೆದುಕೊಂಡೆ.

“ಮಾವ, ನೀವೂ ಹತ್ರಿ!”

“ದೊಡ್ಡ ಕುರಿ ಹೊರಗ ಅದಾವ. ನಾ ಒಳಗ ಕುಂತ್ರ ನಡೀತೈತೇನು? ನೀ ಬಾಗಲಾ ಹಾಕ್ಕೋ.”

ಒಳಗೆ ಬೆಚ್ಚಗಿತ್ತು. ತಗಡಿನ ಮೇಲೆ ಬೀಳುವ ಕಲ್ಲಿನ ಸದ್ದು ಎಲ್ಲೋ ದೂರದಲ್ಲಿ ಮಂಡಕ್ಕಿ ಹುರಿಯುವ ಹಾಗೆ ಕೇಳುತ್ತಿತ್ತು. ಕಿಟಕಿಯಿಂದ ನೋಡಿದೆ. ಮಾವ ಕಂಬಳಿಯ ಕೊಪ್ಪೆ ಹಾಕಿಕೊಂಡು, ತಲೆ ತಗ್ಗಿಸಿ ನಿಂತ ಕುರಿಗಳ ನಡುವೆ ತಾವೂ ತಗ್ಗಿ ಕೂತಿದ್ದರು. ನಾಚಿಕೆಯಾಯಿತು. ಇಳಿಯೋಣವೆಂದರೆ ಒಂದು ಮರಿ ನನ್ನ ಪಾದದ ಮೇಲೆ, ಇನ್ನೊಂದು ಪಂಚೆಯ ಸೆರಗಿನ ಮೇಲೆ ಮಲಗಿಬಿಟ್ಟಿದ್ದವು. ನಾನೂ ಗೋಡೆಗೆ ಒರಗಿ ಕೂತೆ. ಪ್ಲೈವುಡ್ಡಿನ ಹಿಂದೆ ಶೈಲಜಾ ಮಂಜುನಾಥರೂ ಸುಖವಾಗಿದ್ದಿರಬೇಕು.

ಅರ್ಧ ಗಂಟೆಗೆ ಎಲ್ಲ ನಿಂತಿತು. ಬಾಗಿಲು ತೆರೆದು ಮಾವ ತಲೆ ಒಳಗೆ ಹಾಕಿದರು. ಹಣೆಯ ಮೇಲೆ ಒಂದು ಬುಗುಟು ಎದ್ದಿತ್ತು. ಮಬ್ಬಿನಲ್ಲಿ ಕೈಚಾಚಿ ಒಂದೊಂದೇ ತಲೆ ಮುಟ್ಟಿ ಎಣಿಸತೊಡಗಿದರು. “ಹದಿನೈದು… ಹದಿನಾರು… ಹದಿನೇಳು…” ಆ ಒದ್ದೆ ಕೈ ನನ್ನ ತಲೆಯ ಮೇಲೂ ಬಂತು. ಅಲ್ಲಿ ಒಂದು ಗಳಿಗೆ ನಿಂತು, ಕೂದಲು ಸವರಿತು. “ಹದಿನೆಂಟು. ಎಲ್ಲಾ ಅದಾವ” ಎಂದು ಮಾವ ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಶಾಲೆಯಲ್ಲಿ ನಾನು ಕಲಿಸುತ್ತಿದ್ದುದು ಗಣಿತ. ಆದರೂ ಆ ಎಣಿಕೆಯನ್ನು ತಿದ್ದಲು ಹೋಗಲಿಲ್ಲ.